‘ನನಗೂ ಸರ್ವಿಸ್ ಆಗೈತೆ ಸಾರ್’: ಕನಿಷ್ಠ ಪಿಂಚಣಿಯ ಜೊತೆ ಮಾತುಕತೆ

ಅಕ್ಟೋಬರ್‌ನಲ್ಲಿ ಪಿ.ಎಫ್. ಟ್ರಸ್ಟಿಗಳ ಸಭೆ ಇದೆ, ಕನಿಷ್ಠ ಪಿಂಚಣಿ ಎರಡೂವರೆ ಸಾವಿರ ಆಗಿಯೇ ಬಿಡುತ್ತದೆ ಅಂತ ಹರಿಹರದ ವಾಟ್ಸಾಪ್ ಗುಂಪುಗಳು ದೀಪಾವಳಿಗೆ ಮೊದಲೇ ಪಟಾಕಿ ಹಚ್ಚಿದ್ದವು. 2025ರ ಅಕ್ಟೋಬರ್ 13ರಂದು ದೆಹಲಿಯಲ್ಲಿ ಸಭೆಯೇನೋ ಆಯಿತು. ಕೆಲಸದಲ್ಲಿರುವವರು ಪಿ.ಎಫ್. ದುಡ್ಡು ತೆಗೆಯುವ ನಿಯಮ ಬದಲಾಯಿತು. ದುಡಿದು ಮುಗಿಸಿದವರ ಪಾಲಿಗೆ ಅದೇ ಸಾವಿರ ರೂಪಾಯಿ. ಬೈಯುವುದಕ್ಕಿಂತ ಒಮ್ಮೆ ಅದನ್ನೇ ಕೂರಿಸಿಕೊಂಡು ಮಾತಾಡಿಸೋಣ ಎನಿಸಿತು. ಸಿಕ್ಕಿದ್ದು ಹರಿಹರದ ಒಂದು ಬ್ಯಾಂಕಿನಲ್ಲಿ, ಪಾಸ್‌ಬುಕ್ ಮುದ್ರಿಸುವ ಯಂತ್ರದ ಮುಂದೆ. ಪಾಸ್‌ಬುಕ್ಕಿನ ಯಜಮಾನರಿಗೆ ಎಂಬತ್ತು. ಇಲ್ಲಿನ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತೇ ಆಯುಷ್ಯ ಕಳೆದವರು. “ಮಾತಾಡಿಸ್ರಿ, ನನ್ನ ಹತ್ರ ಅಂತೂ ಅದು ಮಾತಾಡಲ್ಲ” ಎಂದು ಪಾಸ್‌ಬುಕ್ ಕೈಗಿಟ್ಟು ಚಾ ಕುಡಿಯಲು ಹೋದರು.

ನಾನು: ನಮಸ್ಕಾರ. ಹೇಗಿದ್ದೀರಿ?

ಸಾವಿರ: ಹೆಂಗಿರ್ತೀನಿ ಸಾರ್, ಹುಟ್ಟಿದಾಗ ಹೆಂಗಿದ್ನೋ ಹಂಗೇ ಇದೀನಿ. ಈ ಸಲ ಅಷ್ಟೂ ಇಲ್ಲ. ಎಸ್ಸೆಮ್ಮೆಸ್ ಚಾರ್ಜು ಅಂತ ಒಂದಿಷ್ಟು ಮುರ್ಕಂಡ್ರು. ನಾನು ಬಂದೀನಿ ಅಂತ ಹೇಳಾಕೆ ನನ್ನ ಮೈಯಿಂದ್ಲೇ ದುಡ್ಡು ಕಿತ್ಕಂತಾರೆ.

ನಾನು: ಆದರೆ ಬರುವುದು ಮಾತ್ರ ತಿಂಗಳು ಮುಗಿಯುವುದರೊಳಗೆ ಸರಿಯಾಗಿ ಬರುತ್ತೀರಿ. ನನಗೆ ಅದೇ ಆಶ್ಚರ್ಯ. ದಾವಣಗೆರೆಯ ಮಿಲ್ಲುಗಳು ಒಂದೊಂದಾಗಿ ಮುಚ್ಚಿ ಸೈರನ್ ನಿಂತ ಮೇಲೆ ಈ ಸೀಮೆಯಲ್ಲಿ ಯಾರೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ. ಮದುವೆ ಊಟವೂ ತಡ, ಮಂತ್ರಿಗಳ ಭಾಷಣವೂ ತಡ. ಮಿಲ್ ಹೋದರೆ ಹೋಗಲಿ, ನಗರಸಭೆಯವರು ಸೈರನ್ನನ್ನಾದರೂ ಇಟ್ಟುಕೊಳ್ಳಬೇಕಿತ್ತು ಅಂತ ನಾನು ಎಷ್ಟು ಸಲ ಬರೆದಿದ್ದೇನೆ...

ಸಾವಿರ: ನಾನು ತಡ ಮಾಡಲ್ಲ ಸಾರ್. 2025ರ ಜನವರಿಯಿಂದ ಎಲ್ಲಾ ಒಂದೇ ಕಡೆಯಿಂದ ಹಾಕ್ತಾರೆ, ದೇಶದ ಯಾವ ಬ್ಯಾಂಕಿಗೆ ಬೇಕಾದ್ರೂ ಹೋಗ್ತೀನಿ. ತಡ ಮಾಡೋಳು ಅವಳು.

ನಾನು: ಯಾರು?

ಸಾವಿರ: ಇನ್ಯಾರು, ಗೃಹಲಕ್ಷ್ಮಿ! ಇದೇ ಮನೆಗೆ ಬರ್ತಾಳೆ, ಯಜಮಾನ್ರ ಹೆಂಡ್ತಿ, ನಮ್ಮ ಅಜ್ಜಿ ಖಾತೆಗೆ. ನಾನು 2014ರ ಸೆಪ್ಟೆಂಬರ್ ಒಂದನೇ ತಾರೀಕು ಹುಟ್ಟಿದೋನು. ಅವಳು ಹುಟ್ಟಿದ್ದು 2023ರ ಆಗಸ್ಟ್ 30ಕ್ಕೆ, ಮೈಸೂರಲ್ಲಿ, ಪೆಂಡಾಲು, ಮೈಕು, ದಿಲ್ಲಿಯಿಂದ ಬಂದ ನಾಯಕರು, ಎಲ್ಲಾ ಇತ್ತು. ಹುಟ್ಟುತ್ಲೇ ಎರಡು ಸಾವಿರ! ನಾನು ಹುಟ್ಟಿದಾಗ ಹರಿಹರದಾಗೆ ಒಂದು ಕೊಬ್ರಿ ಚೂರು ಹಂಚಿದ್ರಾ, ಕೇಳಿ ನೋಡ್ರಿ. ಪಿ.ಬಿ. ರೋಡಿನ ಉದ್ದಕ್ಕೂ ಅವಳ ಫ್ಲೆಕ್ಸು. ಎರಡು ತಿಂಗಳು ಬರ್ದಿದ್ರೆ ಟೀವಿಯಾಗೆ ಚರ್ಚೆ, ವಿಧಾನಸಭೆಯಾಗೆ ಗಲಾಟೆ. ನಾನು ತಪ್ಪದೆ ಬಂದ್ರೂ ‘ಬಂತಾ’ ಅಂತ ಕೇಳೋರು ಗತಿ ಇಲ್ಲ.

ನಾನು: ಸರಿ, ಅದಿರಲಿ. ಕಂಪನಿ ನಿಂತಾಗ ನಿಮ್ಮ ಯಜಮಾನರ ಜೊತೆಗಾರರೊಬ್ಬರು ಐವತ್ತಕ್ಕೇ ಪಿಂಚಣಿ ಬರೆಸಿಕೊಂಡರಂತೆ. 58ಕ್ಕೆ ಮೊದಲು ತೆಗೆದುಕೊಂಡರೆ ಒಂದೊಂದು ವರ್ಷಕ್ಕೂ ಆಗ ಶೇ 3ರಷ್ಟು ಕಡಿತ. 2008ರಿಂದ ಶೇ 4. 58 ತುಂಬಿದ ಮೇಲೂ ಆ ಕಡಿತ ಬಿಟ್ಟು ಹೋಗುವುದಿಲ್ಲ, ಕೊನೆಯ ಉಸಿರಿನ ತನಕ. ಗೇಟಿಗೆ ಬೀಗ ಬಿದ್ದವನು ಎಂಟು ವರ್ಷ ಏನು ತಿಂದುಕೊಂಡು ಕಾಯಬೇಕಿತ್ತು?

ಸಾವಿರ: ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ ಸಾರ್. ನಾನು ಹೇಳ್ತಿದ್ದದ್ದೇನು? ಹಾಂ, ಅಜ್ಜಿ. ಮೊನ್ನೆ ಅಜ್ಜಿ ಬಸ್ಸಿನಾಗೆ ದಾವಣಗೆರೆಗೆ ಹೋದ್ರು, ಹೆಂಗಸ್ರಿಗೆ ಬಿಟ್ಟಿ. ಯಜಮಾನ್ರು ಪಕ್ಕದಾಗೆ ಕೂತ್ಕಂಡು ಟಿಕೆಟ್ ತಗಂಡ್ರು. ಆ ಟಿಕೆಟ್ ಯಾರ ದುಡ್ಡು? ನನ್ನದು! ಅಜ್ಜಿ ಅಂತಾರೆ, ‘ನಿಮ್ಮ ಸಾವ್ರ ನಿಮ್ಮ ಬಸ್ ಚಾರ್ಜಿಗೆ ಇಟ್ಕಳ್ರಿ, ಮನೆ ನನ್ನ ಎರಡು ಸಾವ್ರದಾಗೆ ನಡೀತೈತೆ.’ ಯಜಮಾನ್ರ ಮುಖ ನೋಡ್ಬೇಕಿತ್ತು ಸಾರ್ ನೀವು.

ನಾನು: ವಯಸ್ಸಾದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷೆಯ ವಿಷಯ ಕೇಳೋಣ. ಅದು 1,200. ದುಡಿಯುವಾಗ ಅದಕ್ಕೆಂದು ಒಂದು ಪೈಸೆಯನ್ನೂ ಯಾರಿಂದಲೂ ಮುರಿದುಕೊಳ್ಳುವುದಿಲ್ಲ, ಕೊಡಲಿ, ಚೆನ್ನಾಗಿಯೇ ಇದೆ. ಆದರೆ ಬೇರೆ ಪಿಂಚಣಿ ಬರುತ್ತಿದ್ದರೆ ಅದು ಸಿಗುವುದಿಲ್ಲ. ಅಂದರೆ ನೀವು ಸಾವಿರ ಇರುವ ಕಾರಣಕ್ಕೇ ಈ ಮನುಷ್ಯನಿಗೆ ಆ 1,200ರ ಬಾಗಿಲು ಮುಚ್ಚಿದೆ. ಜೀವಮಾನವೆಲ್ಲ ಪಿ.ಎಫ್. ನಂಬರು ಇಟ್ಟುಕೊಂಡು ದುಡಿದದ್ದಕ್ಕೆ ಇನ್ನೂರು ರೂಪಾಯಿ ದಂಡ!

ಸಾವಿರ: ಅದನ್ನ ತಾಲ್ಲೂಕು ಆಫೀಸಿನಾಗೆ ಕೇಳ್ರಿ. ಸಂಧ್ಯಾ ಸುರಕ್ಷೆ ಪಾಪ ವಯಸ್ಸಾದೋಳು, ಅವಳ ತಂಟೆ ನನಗಿಲ್ಲ. ನನ್ನ ಹೊಟ್ಟೆ ಉರಿಯೋದು ಗೃಹಲಕ್ಷ್ಮಿ ನೋಡಿದ್ರೆ.

ನಾನು: ಒಂದು ನಿಮಿಷ. ಅಜ್ಜಿಯ ಮಾತು ನೀವೇ ತೆಗೆದಿದ್ದೀರಿ, ಆದ್ದರಿಂದ ಹೇಳುತ್ತೇನೆ. ಕಂಪನಿ ನಿಂತ ಮೇಲೆ ಈ ಮನೆಯಲ್ಲಿ ಹಪ್ಪಳ ಒತ್ತಿದ್ದು ಯಾರು? ಎರಡು ಮನೆಯ ಪಾತ್ರೆ ತಿಕ್ಕಿ ಮಗಳ ಫೀಸು ಕಟ್ಟಿದ್ದು ಯಾರು? ಆಕೆಗೆ ಪಿ.ಎಫ್. ನಂಬರೇ ಇರಲಿಲ್ಲ. ಐವತ್ತು ವರ್ಷದ ದುಡಿಮೆಗೆ ಈಗ ಎರಡು ಸಾವಿರ ಬರುತ್ತಿದೆ, ಅದರಲ್ಲೂ ಅರ್ಧ ನಿಮ್ಮ ಯಜಮಾನರ ಬಿ.ಪಿ. ಮಾತ್ರೆಗೆ ಹೋಗುತ್ತದೆ. ನಿಮ್ಮ ಸಿಟ್ಟು ಬಾಗಿಲು ತಪ್ಪಿ ಪಕ್ಕದ ಮನೆಗೆ ನುಗ್ಗಿದೆ.

ಸಾವಿರ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಆದ್ರೂ ಫ್ಲೆಕ್ಸ್ ಜಾಸ್ತಿ ಆತು ಸಾರ್.

ನಾನು: ಜೀವಂತ ಪ್ರಮಾಣಪತ್ರಕ್ಕೆ ಬರೋಣ. ಕೊಟ್ಟ ದಿನದಿಂದ ಹನ್ನೆರಡು ತಿಂಗಳು ನಡೆಯುತ್ತದೆ, ನವೆಂಬರೇ ಆಗಬೇಕೆಂದಿಲ್ಲ. ಆದರೂ ನವೆಂಬರ್ ಬಂದರೆ ಸೈಬರ್ ಸೆಂಟರ್‌ಗಳ ಮುಂದೆ ಅಜ್ಜಂದಿರ ಸಾಲು.

ಸಾವಿರ: ಯಜಮಾನ್ರ ಬೆರಳಚ್ಚು ಬೀಳಲ್ಲ ಸಾರ್. ಲೇತ್ ಹಿಡಿದ ಕೈ, ಗೆರೆ ಎಲ್ಲಾ ಸವೆದೈತೆ. ಈಗ ಮುಖ ತೋರಿಸೋ ಆ್ಯಪ್ ಬಂದೈತೆ. ‘ಕಣ್ಣು ಮಿಟುಕಿಸಿ’ ಅಂತೈತೆ. ಅವರಿಗೆ ಪೊರೆ ಆಪರೇಷನ್ ಆಗೈತೆ, ಮಿಟುಕಿಸಿದ್ದು ಫೋನಿಗೆ ಕಾಣಲ್ಲ. ಮೊಮ್ಮಗ ಬೈತಾನೆ, ‘ತಾತ, ಸ್ವಲ್ಪ ಬದುಕಿರೋ ಹಂಗೆ ಕಾಣ್ಸು.’

ನಾನು: ಇದಕ್ಕೇ ನಾನು ಹೇಳುವುದು! ಸೈರನ್ ಇದ್ದಿದ್ದರೆ ಇಷ್ಟು ಪಾಡೇ ಇರಲಿಲ್ಲ. ವರ್ಷಕ್ಕೊಂದು ದಿನ ಮಿಲ್ ಸೈರನ್ ಕೂಗಿಸಬೇಕು. ಮೊದಲ ಪಾಳಿಯ ಸೈರನ್ ಕೇಳಿದರೆ ಈ ವಯಸ್ಸಿನಲ್ಲೂ ಇವರೆಲ್ಲ ಬುತ್ತಿ ಹುಡುಕಿಕೊಂಡು ಎದ್ದು ಬರುತ್ತಾರೆ. ಎದ್ದು ಬಂದವರ ತಲೆ ಎಣಿಸಿ ಬರೆದುಕೊಂಡರೆ ಆಯಿತು. ಆಧಾರ್ ಬೇಡ, ಆ್ಯಪ್ ಬೇಡ. ದಾವಣಗೆರೆಯಲ್ಲಿ ಡಿಸಿಎಂ ಟೌನ್‌ಶಿಪ್ ಕಡೆ ಒಂದು, ಹರಿಹರದಲ್ಲಿ ಹೊಳೆ ದಂಡೆಗೆ ಒಂದು. ಆ ಶಬ್ದದ ಗಾಂಭೀರ್ಯವೇ ಬೇರೆ...

ಸಾವಿರ: ಸಾರ್, ಸಂದರ್ಶನ ನನ್ನದಾ, ಸೈರನ್ನಿಂದಾ?

ನಾನು: ಕ್ಷಮಿಸಿ. ನೀವು ಬರುವ ಮೊದಲು ಇವರಿಗೆ ಎಷ್ಟು ಬರುತ್ತಿತ್ತು?

ಸಾವಿರ: (ಎದೆ ಉಬ್ಬಿಸಿ) ಏಳುನೂರು ಚಿಲ್ಲರೆ. ನಾನು ಬಂದು ಮೇಲೆತ್ತಿದೆ ನೋಡ್ರಿ. ಊರಾಗೆ ಇನ್ನೂ ಕೆಲವ್ರು ಇದಾರೆ, ಹಿಂದೆ ಕಮ್ಯುಟೇಷನ್ ಅಂತ ಒಂದಿಷ್ಟು ಗಂಟು ಎತ್ಕಂಡು ಈಗ ಸಾವಿರದಷ್ಟೂ ಕಾಣದೋರು. ಅವರನ್ನ ನೋಡಿದ್ರೆ ನಾನು ಸಾಹುಕಾರ.

ನಾನು: ಆ ಏಳುನೂರು ಹೇಗೆ ಬಂತು ಗೊತ್ತೇ?

ಸಾವಿರ: ಲೆಕ್ಕ ನನಗ್ಯಾಕೆ ಸಾರ್, ಅಲ್ಲೇ ಗೃಹಲಕ್ಷ್ಮಿಗೆ...

ನಾನು: ಗೃಹಲಕ್ಷ್ಮಿ ಸಾಕು. ಈಗ ನೀವು ಕೇಳಿ. ಈ ಮನುಷ್ಯ 1970ರ ದಶಕದ ಮೊದಲಲ್ಲಿ ಕೆಲಸಕ್ಕೆ ಸೇರಿದವರು. 1971ರ ಕುಟುಂಬ ಪಿಂಚಣಿ ಯೋಜನೆಯನ್ನು ಮುಗಿಸಿ 1995ರ ನವೆಂಬರ್ 16ರಿಂದ ಈಗಿನ ಯೋಜನೆ ತಂದರು. ಅಲ್ಲಿಯ ತನಕದ ಸರ್ವಿಸಿಗೆ ಒಂದು ಪಟ್ಟಿ ಮಾಡಿದರು. ಇಪ್ಪತ್ತು ವರ್ಷ ದಾಟಿದವನಿಗೆ ಸಂಬಳ ಎರಡೂವರೆ ಸಾವಿರದೊಳಗಿದ್ದರೆ ತಿಂಗಳಿಗೆ 150 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ 170. ಯೌವನವೆಲ್ಲ ಒಂದೇ ಸಾಲಿನಲ್ಲಿ ಮುಗಿಯಿತು. ಅದಕ್ಕೊಂದು ಗುಣಕ ಹಾಕಿ ಹಿಗ್ಗಿಸುತ್ತಾರೆ, ಹಿಗ್ಗಿದರೂ ಎಷ್ಟಾದೀತು? ಆಮೇಲಿನ ವರ್ಷಗಳಿಗೆ ಸೂತ್ರ ಬೇರೆ. ಸಂಬಳವನ್ನು ಸರ್ವಿಸಿನಿಂದ ಗುಣಿಸಿ 70ರಿಂದ ಭಾಗಿಸುವುದು. ಕೈಗೆ ಎಷ್ಟೇ ಸಂಬಳ ಬರುತ್ತಿರಲಿ, ಲೆಕ್ಕಕ್ಕೆ ಆಗ ಐದು ಸಾವಿರವೇ ಮಿತಿ. ಐದು ಸಾವಿರವನ್ನು ಎಪ್ಪತ್ತರಿಂದ ಭಾಗಿಸಿ ನೋಡಿ. ಒಂದು ವರ್ಷದ ದುಡಿಮೆಗೆ ತಿಂಗಳಿಗೆ 71 ರೂಪಾಯಿ.

ಈಗ ದೆಹಲಿಯ ಲೆಕ್ಕ. 2025ರ ಮಾರ್ಚ್‌ನಲ್ಲಿ ಮಾಜಿ ಸಂಸದರ ಪಿಂಚಣಿ 25 ಸಾವಿರದಿಂದ 31 ಸಾವಿರಕ್ಕೆ ಏರಿತು, ಅದೂ 2023ರ ಏಪ್ರಿಲ್‌ನಿಂದಲೇ ಅನ್ವಯ. ಯಾಕಪ್ಪಾ ಅಂದರೆ ಬೆಲೆ ಏರಿದೆ. ಸೂಚ್ಯಂಕ ಹಿಡಿದು ಲೆಕ್ಕ ಹಾಕಿದ್ದಾರೆ. ಐದು ವರ್ಷದ ಮೇಲೆ ಸದಸ್ಯರಾಗಿದ್ದ ಪ್ರತಿ ವರ್ಷಕ್ಕೂ ತಿಂಗಳಿಗೆ ಇನ್ನೊಂದು 2,500. ಸಂಸತ್ತಿನಲ್ಲಿ ಒಂದು ವರ್ಷ ಕೂತದ್ದಕ್ಕೆ 2,500, ಹರಿಹರದಲ್ಲಿ ಕಬ್ಬಿಣದ ಮುಂದೆ ಒಂದು ವರ್ಷ ನಿಂತದ್ದಕ್ಕೆ 71. ಬೆಲೆ ಏರಿದ್ದು ದೆಹಲಿಯಲ್ಲಿ ಮಾತ್ರವೇ? ಹರಿಹರದ ಸಂತೆಯಲ್ಲಿ ಬೇಳೆ ಇನ್ನೂ 2014ರ ರೇಟಿಗೆ ಸಿಗುತ್ತದೆಯೇ? ಈ ಯೋಜನೆಯಲ್ಲಿ ತುಟ್ಟಿಭತ್ಯೆ ಎಂಬುದೇ ಇಲ್ಲ. ಕೋಶಿಯಾರಿ ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ ಕನಿಷ್ಠ ಮೂರು ಸಾವಿರ ಕೊಡಿ ಅಂದದ್ದು 2013ರಲ್ಲಿ, ನೀವು ಹುಟ್ಟುವುದಕ್ಕೂ ಮೊದಲು. ಆಗ ಅವರ ಪಕ್ಷ ವಿರೋಧದಲ್ಲಿತ್ತು. ಮರುವರ್ಷ ಅಧಿಕಾರಕ್ಕೆ ಬಂತು, ಶಿಫಾರಸು ಕಡತದಲ್ಲೇ ಉಳಿಯಿತು. ಈಗ ಪಿಂಚಣಿದಾರರು 7,500 ಮತ್ತು ತುಟ್ಟಿಭತ್ಯೆ ಕೇಳುತ್ತಿದ್ದಾರೆ. ಉತ್ತರ ಗೊತ್ತಲ್ಲ, ‘ಪರಿಶೀಲನೆಯಲ್ಲಿದೆ.’ ಎಂಬತ್ತು ದಾಟಿದವನ ಮುಂದೆ ನಿಂತು ಪರಿಶೀಲನೆಯಲ್ಲಿದೆ ಅನ್ನುವುದಕ್ಕೆ ಎಷ್ಟು ಎದೆಗಾರಿಕೆ ಬೇಕು! ಇವರು ಒಬ್ಬೊಬ್ಬರಾಗಿ ಹೋಗುತ್ತಿದ್ದರೆ ಕಡತ ತಾನೇ ತಾನಾಗಿ ಹಗುರವಾಗುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದಾರೆಯೇ? ಇದು ಭಿಕ್ಷೆಯಲ್ಲ. ಮಾಲೀಕ ಇವರ ಲೆಕ್ಕಕ್ಕೆ ಕಟ್ಟಬೇಕಿದ್ದ ಪಾಲಿನಿಂದ ಸಂಬಳದ ಶೇ 8.33 ತಿಂಗಳು ತಿಂಗಳೂ ಅಲ್ಲಿಗೆ ಹೋಗಿದೆ. ಅವರದೇ ದುಡ್ಡು.

ಸಾವಿರ: ...ಸಾರ್, ನೀರು ಕುಡೀರಿ. ಕ್ಯೂನಾಗೆ ಇರೋರೆಲ್ಲ ನೋಡ್ತಾ ಇದಾರೆ.

ನಾನು: ನೋಡಲಿ.

ಸಾವಿರ: ಆ ಎಪ್ಪತ್ತರ ಲೆಕ್ಕ ನನಗೆ ಯಾರೂ ಹೇಳಿರ್ಲಿಲ್ಲ. ಈಗ ಕೆಲಸದಾಗೆ ಇರೋರ್ದು ಎಷ್ಟು ಹೋಗ್ತೈತೆ?

ನಾನು: ಮಿತಿ ಈಗ 15 ಸಾವಿರ. ಅದರ ಶೇ 8.33 ಅಂದರೆ ಸುಮಾರು 1,250. ಅಂದರೆ ಪಾಲಿಫೈಬರ್ಸ್ ಕಾರ್ಖಾನೆಯ ಗೇಟಿನಿಂದ ಇವತ್ತು ಸಂಜೆ ಹೊರಬರುವ ಹುಡುಗನ ಹೆಸರಲ್ಲಿ ತಿಂಗಳಿಗೆ ಒಳಗೆ ಹೋಗುವುದೇ ನಿಮಗಿಂತ ದೊಡ್ಡದು.

ಸಾವಿರ: ಒಳಗೆ ಹೋಗೋದು ನನಗಿಂತ ದೊಡ್ಡದು, ಹೊರಗೆ ಬರೋದು ನಾನು. ಭಾರಿ ಯಂತ್ರ ಸಾರ್. ಯಜಮಾನ್ರ ಲೇತಿನಾಗೂ ಇಷ್ಟು ತೆಳ್ಳಗೆ ಹೆರೀತಿರಲಿಲ್ಲ.

ನಾನು: ಕೊನೆಯ ಪ್ರಶ್ನೆ. ನಿಮ್ಮನ್ನು ತೆಗೆದು 7,500 ತಂದರೆ ಬೇಜಾರಾಗುತ್ತದೆಯೇ?

ಸಾವಿರ: ಖುಷಿಯಿಂದ ಹೋಗ್ತೀನಿ. ಆದ್ರೆ ಒಂದು ಕೇಳ್ಬೇಕಿತ್ತು. ಹತ್ತು ವರ್ಷ ಸರ್ವಿಸ್ ಆದ್ರೆ ಪಿಂಚಣಿ ಹಕ್ಕು ಅಂತಲ್ವಾ? ನನಗೆ ಹನ್ನೊಂದು ತುಂಬೈತೆ. ಸ್ವಯಂ ನಿವೃತ್ತಿ ತಗಂಡ್ರೆ ನನಗೆ ಎಷ್ಟು ಬರ್ತೈತೆ, ಸ್ವಲ್ಪ ಲೆಕ್ಕ ಹಾಕಿ ಕೊಡ್ರಿ.

ನಾನು: ಸಂಬಳ ಸಾವಿರ, ಸರ್ವಿಸ್ ಹನ್ನೊಂದು, ಭಾಗಿಸು ಎಪ್ಪತ್ತು. ತಿಂಗಳಿಗೆ 157 ರೂಪಾಯಿ 14 ಪೈಸೆ. ನೀವು 2014ರಲ್ಲಿ ಹುಟ್ಟಿದವರು, ಐವತ್ತಾಗುವುದು 2064ಕ್ಕೆ. ಆಗ ತೆಗೆದುಕೊಂಡರೆ ಕಡಿತ. ಪೂರ್ತಿ ಬೇಕಾದರೆ 2072ರ ತನಕ ಕಾಯಬೇಕು.

ಸಾವಿರ: ಕಾಯ್ತೀನಿ. ನೂರೈವತ್ತೇಳು ಅಂದ್ರೆ ತೀರಾ ಕಮ್ಮಿ ಆತು. ಸಾವಿರದೊಳಗೆ ಬಂದ್ರೆ ಕನಿಷ್ಠ ಇಷ್ಟು ಕೊಡ್ಬೇಕು ಅಂತ ನಿಯಮ ಐತಲ್ಲ?

ನಾನು: ಇದೆ. ಸಾವಿರ ಕೊಡಬೇಕು.

ಸಾವಿರ: ಅಂದ್ರೆ... ನನಗೆ ನಾನೇ ಬರ್ತೀನಾ?

ಅಷ್ಟರಲ್ಲಿ ಯಜಮಾನರು ಚಾ ಮುಗಿಸಿ ಬಂದು ಪಾಸ್‌ಬುಕ್ ಕೇಳಿದರು. ಮುಂದಿನ ಬಸ್ಸಿಗೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ಹೋಗಬೇಕಂತೆ. ಟಿಕೆಟ್ಟಿಗೆ ಎಷ್ಟು ತೆಗೆಯಲಿ ಅಂತ ನನ್ನನ್ನೇ ಕೇಳಿದರು.