ಫೋನಿನಲ್ಲಿ ತಾಳಿಕೋಟೆ ಯುದ್ಧ ಹೂಡುವ ಮಹನೀಯರಿಗೆ

ಮಾನ್ಯರೇ,

ಜನವರಿ 23 ಬಂತೆಂದರೆ ನಮ್ಮೂರಿನ ಹೆಸರಲ್ಲಿ ನೀವು ಯುದ್ಧ ಸಾರುತ್ತೀರಿ. ಬೆಳಗಿನ ಚಹಾ ಆರುವ ಮೊದಲೇ ಕುದುರೆ, ಕತ್ತಿ, ಉರಿಯುವ ಗೋಪುರದ ಚಿತ್ರಗಳು ನಮ್ಮ ಫೋನಿಗೆ ಬಂದು ಬೀಳುತ್ತವೆ. ಒಂದು ಬಣದವರು ‘ಮರೆಯಬೇಡಿ’ ಎನ್ನುತ್ತೀರಿ, ಇನ್ನೊಂದು ಬಣದವರು ‘ಗೆದ್ದವರು ನಾವು’ ಎನ್ನುತ್ತೀರಿ. ತಾಳಿಕೋಟೆಯವರಾದ ನಾವು ಮಾತ್ರ ಯಾವ ಕಡೆ ನಿಲ್ಲಬೇಕೆಂದು ತಿಳಿಯದೆ ಸಂಜೆಯವರೆಗೂ ಅಂಗಡಿ ತೆರೆದುಕೊಂಡು ಕೂತಿರುತ್ತೇವೆ. ಇದು ನಮ್ಮ ಲೋಪವೇ. ಆ ಬಗ್ಗೆ ಸಮಜಾಯಿಷಿ ಕೊಡಲೆಂದು ಈ ಪತ್ರ.

ಮೊದಲು ಜಾಗದ ತಕರಾರು. 1565ರಲ್ಲಿ ವಿಜಯನಗರದ ಅಳಿಯ ರಾಮರಾಯನಿಗೂ ದಖ್ಖನಿನ ಸುಲ್ತಾನರಿಗೂ ಕಾಳಗ ನಡೆದದ್ದು ನಮ್ಮೂರಲ್ಲಲ್ಲ. ಸುಲ್ತಾನರ ದಂಡು ಇಲ್ಲಿ ಬೀಡುಬಿಟ್ಟಿತ್ತು, ಅಷ್ಟೇ. ಬಡಿದಾಡಲು ಅವರು ಕೃಷ್ಣೆಯ ದಂಡೆಗೆ, ರಕ್ಕಸಗಿ-ತಂಗಡಗಿ ಕಡೆಗೆ ಹೋದರು. ಇವತ್ತಿಗೂ ಅಲ್ಲಿಗೆ ಮುದ್ದೇಬಿಹಾಳ ದಾಟಿಯೇ ಹೋಗಬೇಕು. ದಂಡು ಇಳಿಯಲು ಜಾಗ ಕೊಟ್ಟ ತಪ್ಪಿಗೆ ನಾಲ್ಕೂವರೆ ಶತಮಾನದಿಂದ ಈ ಹೆಸರು ಹೊತ್ತುಕೊಂಡು ತಿರುಗುತ್ತಿದ್ದೇವೆ. ಗಿರೀಶ ಕಾರ್ನಾಡರು ಪಾಪ, ತಮ್ಮ ಕೊನೆಯ ನಾಟಕಕ್ಕೆ ‘ರಾಕ್ಷಸ-ತಂಗಡಿ’ ಎಂದು ಹೆಸರಿಟ್ಟು ನಮ್ಮನ್ನು ಬಿಡಿಸಲು ನೋಡಿದರು. ಅದೇ ನಾಟಕ ಇಂಗ್ಲಿಷಿಗೆ ಹೋದಾಗ ತಲೆಬರಹದಲ್ಲಿ ಮತ್ತೆ ತಾಳಿಕೋಟೆಯೇ ಬಂದು ಕೂತಿತು. ಸೋತ ಹಂಪಿಗೆ ಸರ್ಕಾರಿ ಉತ್ಸವ ಉಂಟು. ಗೆದ್ದ ವಿಜಯಪುರಕ್ಕೆ, ನಡೆದಾಗ ನಡೆದಂತೆ, ನವರಸಪುರ ಉತ್ಸವ ಉಂಟು. ನಮಗೆ ಸಿಕ್ಕದ್ದು ಪರೀಕ್ಷೆಯಲ್ಲಿ ಒಂದು ಮಾರ್ಕಿನ ಪ್ರಶ್ನೆ. ಇಷ್ಟು ಜಗತ್ಪ್ರಸಿದ್ಧ ಊರು ತಾಲ್ಲೂಕು ಕೇಂದ್ರವಾಗಲು 2018ರವರೆಗೆ ಕಾಯಬೇಕಾಯಿತೆಂಬುದು ಬೇರೆ ಮಾತು.

ಯುದ್ಧ ಮಾಡಿದವರೂ ನಿಮ್ಮ ನಿರೀಕ್ಷೆಗೆ ತಕ್ಕಂತೆ ನಡೆದುಕೊಂಡಿಲ್ಲ. ರಾಮರಾಯನ ಮಗ ತೀರಿಕೊಂಡಾಗ ವಿಜಯನಗರಕ್ಕೆ ಸ್ವತಃ ಹೋಗಿ ಸಮಾಧಾನ ಹೇಳಿದವನು ನಮ್ಮ ವಿಜಯಪುರದ ಅಲಿ ಆದಿಲ್ ಶಾಹ. ರಾಮರಾಯನ ಹೆಂಡತಿ ಅವನನ್ನು ಮಗನೆಂದೇ ಬಗೆದಳೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ಪಟ್ಟಕ್ಕೆ ಬರುವ ಮೊದಲು ವರ್ಷಗಟ್ಟಲೆ ಆಶ್ರಯ ಪಡೆದದ್ದು ವಿಜಯನಗರದಲ್ಲೇ. ರಾಮರಾಯ, ಆದಿಲ್ ಶಾಹ ಇಬ್ಬರೂ ಕೂಡಿ ಅಹ್ಮದ್‌ನಗರದ ಮೇಲೆ ಏರಿಹೋದದ್ದೂ ಇದೆ. ಇಂಥವರನ್ನು ಎರಡು ಸಾಲಾಗಿ ನಿಲ್ಲಿಸಲು ನೀವು ಪಡುವ ಪಾಡು ನೋಡಿದರೆ ಕನಿಕರ ಬರುತ್ತದೆ.

ಆದರೂ ಕೆಲಸ ಬಾಕಿ ಇದೆ ಮಹನೀಯರೇ. ನಮ್ಮ ಹಬ್ಬಗಳನ್ನು ಇನ್ನೂ ಯಾರೂ ಬೇರ್ಪಡಿಸಿ ಕೊಟ್ಟಿಲ್ಲ. ಮೊಹರಂ ಹೊತ್ತಿಗೆ ಬನ್ನಿ. ಅಲಾಯಿ ಕುಣಿ ತೆಗೆದವರು ಯಾರು, ಅದಕ್ಕೆ ಕಟ್ಟಿಗೆ ಕೊಟ್ಟವರು ಯಾರು, ಸುತ್ತ ಹಲಗೆ ಬಾರಿಸಿದವರು ಯಾರು, ಎಲ್ಲ ಬರೆದುಕೊಳ್ಳಿ. ಗೆಜ್ಜೆ ಕಟ್ಟಿ ಹೆಜ್ಜೆ ಹಾಕುವ ಮೇಳದಲ್ಲಿ ಹಸನ್-ಹುಸೇನರ ರಿವಾಯತ್ ಪದ ಎತ್ತಿಕೊಡುವವನ ಹಣೆ ನೋಡಿ, ವಿಭೂತಿ ಇರುತ್ತದೆ. ಕರ್ಬಲಾದಲ್ಲಿ ಹನಿ ನೀರಿಗೆ ಮಕ್ಕಳು ಒದ್ದಾಡಿದ್ದನ್ನು ಅವನು ಕನ್ನಡದಲ್ಲಿ ಹಾಡುತ್ತಿದ್ದರೆ ಕಟ್ಟೆಯ ಮೇಲಿನ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಕುಂಕುಮ ಹಚ್ಚಿದವರೂ ಹಚ್ಚದವರೂ. ಹರಕೆ ಹೊತ್ತ ಹುಡುಗರು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ. ಅದೇ ಕೊರಳಲ್ಲಿ ಲಿಂಗದ ಕರಡಿಗೆಯೂ ಇರುತ್ತದೆ. ಎರಡೂ ಒಂದಕ್ಕೊಂದು ತಾಗಿ ಜಗಳವಾದದ್ದನ್ನು ನಾವಂತೂ ಕಂಡಿಲ್ಲ. ನಮ್ಮ ಭಾಗದಲ್ಲಿ ಸಾಬರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲೂ ಪಂಜಾ ಕೂಡಿಸುತ್ತಾರೆ, ಓದಿಕೆಗೆ ಪಕ್ಕದೂರಿನ ಮುಲ್ಲಾನನ್ನು ಕರೆಸುತ್ತಾರೆ. ಅಂಥ ಊರಲ್ಲಿ ನೀವು ಯುದ್ಧ ಮಾಡಿಸಬೇಕೆಂದರೆ ಎದುರಾಳಿಗಳನ್ನೂ ಪಕ್ಕದೂರಿಂದಲೇ ಕರೆಸಬೇಕಾದೀತು. ಅವರ ಊಟದ ಖರ್ಚು ಯಾರದೆಂದು ಮೊದಲೇ ತೀರ್ಮಾನಿಸಿಕೊಳ್ಳಿ.

ಹೀಗೆ ಕೂಡಿ ಮೊಹರಂ ಮಾಡುವುದು ಧರ್ಮಕ್ಕೆ ಒಪ್ಪುವಂಥದ್ದಲ್ಲ ಎಂದು ಎರಡೂ ಕಡೆಯ ಪಂಡಿತರು ಹೇಳುತ್ತಾರೆ. ಬಹುಶಃ ಅವರಿಬ್ಬರೂ ಒಮ್ಮತಕ್ಕೆ ಬಂದಿರುವ ಒಂದೇ ವಿಷಯ ಇದು. ಅಷ್ಟರಮಟ್ಟಿಗೆ ನಮ್ಮ ಮೊಹರಂ ಸೌಹಾರ್ದಕ್ಕೆ ಸೇವೆ ಸಲ್ಲಿಸಿದೆ.

ನಾಟಕದ್ದು ಇದಕ್ಕಿಂತ ದೊಡ್ಡ ಅಪರಾಧ. ನೀವು ಫೋನಿನಲ್ಲಿ ದಂಡು ಕಟ್ಟುವ ಜನವರಿಯಲ್ಲೇ ನಮ್ಮ ಕಡೆಯ ಜನ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ಕಂಪನಿ ನಾಟಕದ ಟಿಕೆಟ್ಟಿಗೆ ನೂಕಾಡುತ್ತಿರುತ್ತಾರೆ. ನಮ್ಮೂರಿನ ಹೆಸರನ್ನು ಊರೂರಿಗೆ ಮುಟ್ಟಿಸಿದ ಕಂಪನಿಯ ಹೆಸರು ಖಾಸ್ಗತೇಶ್ವರ ನಾಟ್ಯ ಸಂಘ. ಖಾಸ್ಗತೇಶ್ವರ ಎಂದರೆ ನಮ್ಮೂರ ಮಠದ ಅಜ್ಜ. ಕಂಪನಿಯ ಯಜಮಾನರಾಗಿದ್ದವರು ರಾಜು ತಾಳಿಕೋಟೆ. ಮನೆಯಲ್ಲಿಟ್ಟ ಹೆಸರು ರಾಜೇಸಾಬ. ‘ಕಲಿಯುಗದ ಕುಡುಕ’ನಾಗಿ ಅವರು ಬಾಯಿ ತೆರೆದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕ್ಯಾಸೆಟ್ಟಿನ ಕಾಲದಲ್ಲಿ ಆ ಮಾತುಗಳು ಟ್ರ್ಯಾಕ್ಟರಿನಲ್ಲೂ ಚಹಾದಂಗಡಿಯಲ್ಲೂ ಕೇಳುತ್ತಿದ್ದವು. 2025ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅವರು ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದರು. ಗಂಭೀರ ವಿಷಯವೆಂದರೆ, ಸಾಬರ ಹುಡುಗ ಮಠದ ಹೆಸರಿನ ಪರದೆಯ ಮುಂದೆ ನಿಂತು ಇಷ್ಟು ವರ್ಷ ಜನರನ್ನು ನಗಿಸಿದ್ದಾನೆ, ಜನ ಯಾವ ವಿಚಾರಣೆಯನ್ನೂ ಮಾಡದೆ ನಕ್ಕುಬಿಟ್ಟಿದ್ದಾರೆ. ಆ ನಗುವನ್ನು ಜಾತಿವಾರು ವಿಂಗಡಿಸಿ, ತಪ್ಪಿ ನಕ್ಕವರಿಂದ ವಾಪಸು ಪಡೆಯುವ ಏರ್ಪಾಡು ನಿಮ್ಮಲ್ಲಿದ್ದರೆ ಅರ್ಜಿ ನಮೂನೆ ಕಳಿಸಿ.

ಹಾಗಂತ ನಾವು ಸಾಧುಗಳೆಂದು ತಿಳಿಯಬೇಡಿ. ನಮ್ಮಲ್ಲೂ ಜಗಳ ಇದೆ, ಬೇಕಾದಷ್ಟಿದೆ. ಚಂದಾ ಪಟ್ಟಿಯಲ್ಲಿ ಹೆಸರು ಕೆಳಗೆ ಬಂದರೆ, ವೇದಿಕೆಯಲ್ಲಿ ಎರಡನೇ ಸಾಲಿನ ಖುರ್ಚಿ ಕೊಟ್ಟರೆ, ಡಿಜೆ ಯಾರ ಮನೆ ಮುಂದೆ ಎಷ್ಟು ಹೊತ್ತು ನಿಂತಿತು ಎಂಬ ಲೆಕ್ಕ ಬಂದರೆ ಮಾತು ಮಾತು ಬೆಳೆದು ಅಂಗಿ ಹರಿಯುತ್ತದೆ. ಜಾತ್ರೆ, ಗಣಪತಿ, ಉರುಸು, ಜಯಂತಿ ಯಾವುದೇ ಇರಲಿ, ಫ್ಲೆಕ್ಸಿನಲ್ಲಿ ದೇವರಿಗಿಂತ ದೊಡ್ಡ ಮುಖ ಯಾರದಾಗಬೇಕೆಂಬ ವ್ಯಾಜ್ಯ ಇದ್ದೇ ಇರುತ್ತದೆ. ಈ ವಿಷಯದಲ್ಲಿ ನಾವು ಜಾತಿ-ಧರ್ಮ ನೋಡುವವರಲ್ಲ. ಆದರೆ ಇವೆಲ್ಲ ಗುರುತಿನವರ ಜಗಳ. ಮರುದಿನ ಸಂತೆಯಲ್ಲಿ ಮತ್ತೆ ಮುಖ ನೋಡಬೇಕಾಗುತ್ತದೆ. ನಿಮ್ಮ ಯುದ್ಧಕ್ಕೆ ಆ ಕಷ್ಟವಿಲ್ಲ.

ಬರುವುದಾದರೆ ಮಳೆಯ ಅಂದಾಜು ನೋಡಿಕೊಂಡು ಹೊರಡಿ. ಡೋಣಿ ಹೊಳೆ ಬಂದರೆ ಸೇತುವೆಯ ಮೇಲೆ ನೀರು ಹರಿಯುತ್ತದೆ, ಆಗ ಎರಡೂ ಬಣದವರು ಆಚೆ ದಂಡೆಯಲ್ಲಿ ಒಟ್ಟಿಗೆ ನಿಂತು ಕಾಯಬೇಕಾಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ತಾಳಿಕೋಟೆಯ ಒಬ್ಬ ನಿವಾಸಿ

ತಾ.ಕ.: ಮೊಹರಂಗೆ ಬರುವವರು ಪಾವು ಸಕ್ಕರೆ ತನ್ನಿ, ಪಂಜಾದ ಮುಂದೆ ಓದಿಸಬೇಕು. ಮುಲ್ಲಾ ‘ಯಾರ ಹೆಸರ‍್ಲೆ ಓದ್ಲಿರೀ?’ ಎಂದು ಕೇಳಿದರೆ ಫೇಸ್‌ಬುಕ್ಕಿನಲ್ಲಿ ಇಟ್ಟುಕೊಂಡ ಹೆಸರು ಬೇಡ, ಅಪ್ಪ-ಅವ್ವ ಇಟ್ಟದ್ದು ಹೇಳಿ.