ಅಂಗಿಯ ಹಿಂಬಡ್ತಿ

ಮಗ-ಸೊಸೆಯ ಮನೆಗೆಂದು ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಬಂದಿಳಿಯುವ ಅಮ್ಮಂದಿರಿಗೆ ನೋಡಲು ನಯಾಗರಾ ಉಂಟು, ಲಿಬರ್ಟಿ ಪ್ರತಿಮೆ ಉಂಟು, ಪಿಟ್ಸ್‌ಬರ್ಗಿನ ವೆಂಕಟೇಶ್ವರನೂ ಉಂಟು. ಅವನ್ನೆಲ್ಲ ನೋಡಿ ಮುಗಿಸಲು ಎರಡು ವಾರ ಸಾಕು. ಉಳಿದ ಐದೂವರೆ ತಿಂಗಳು ಅವರು ನೋಡುವುದು ಮಗನ ಕಪಾಟನ್ನು.

ನ್ಯೂಜೆರ್ಸಿಯಲ್ಲಿರುವ ಸಂಪಾಜೆ ಕಡೆಯ ಒಂದು ಮನೆಯನ್ನೇ ತೆಗೆದುಕೊಳ್ಳಿ. ಹೆಸರು ಬೇಡ. ಸಂಪಾಜೆ ಗೇಟಿನ ಹತ್ತಿರ ಬಸ್ಸಿಳಿದು ಅಮೆರಿಕದವರ ಮನೆ ಯಾವುದೆಂದು ಕೇಳಿದರೆ "ಯಾವ ಅಮೆರಿಕದವರು?" ಎಂದು ತಿರುಗಿ ಕೇಳುವ ಕಾಲ ಇದು. ಹಳದಿ ಎಲೆ ರೋಗ ಹತ್ತಿ ಸಂಪಾಜೆ, ಅರಂತೋಡು, ತೊಡಿಕಾನದ ಅಡಕೆ ತೋಟಗಳು ಸೊರಗುತ್ತಾ ಬಂದಂತೆ ಮಕ್ಕಳು ಸುಳ್ಯದ ಎಂಜಿನಿಯರಿಂಗ್ ಕಾಲೇಜು ಸೇರಿದರು, ಅಲ್ಲಿಂದ ಬೆಂಗಳೂರು, ಬೆಂಗಳೂರಿನಿಂದ ವಿಮಾನ. ಈ ಮನೆಯ ಮಗನೂ ಹಾಗೆ ಹೋದವನು. ಅಪ್ಪ ಮಾತ್ರ ತೋಟ ಬಿಟ್ಟು ಬರುವವರಲ್ಲ. ಅಮ್ಮ ಒಬ್ಬರೇ ಬಂದರು.

ಬಟ್ಟೆಯ ಕೋಣೆ ಒಳಗೆ ನಡೆದಾಡುವಷ್ಟು ದೊಡ್ಡದು ಎಂದು ಮನೆ ಮಾರಿದವರು ಹೇಳಿದ್ದರು. ಈಗ ನಡೆಯುವುದು ಹಾಗಿರಲಿ, ಬಾಗಿಲಲ್ಲಿ ನಿಂತು ಕೈ ಹಾಕಿದರೆ ಏನು ಸಿಗುತ್ತದೆಂದು ಹೇಳಲಾಗದು. ತಳದಲ್ಲಿ ಕಾಲೇಜು ವರ್ಕ್‌ಶಾಪಿನ ಖಾಕಿ ಅಂಗಿ, ಜೇಬಿನ ಮೇಲೆ ಇನ್ನೂ ಗ್ರೀಸಿನ ಕಲೆ. ಅದರ ಮೇಲೆ ಮೊದಲ ಸಲ ವಿಮಾನ ಹತ್ತುವಾಗ ಬೆಂಗಳೂರಿನ ಫುಟ್‌ಪಾತಿನಲ್ಲಿ ಟಿಬೆಟಿನವರಿಂದ ಕೊಂಡ ಸ್ವೆಟರು. ಸಂಪಾಜೆಯಿಂದ ಘಾಟಿ ಹತ್ತಿ ಮಡಿಕೇರಿ, ಕುಶಾಲನಗರ ದಾಟಿದರೆ ಬೈಲುಕುಪ್ಪೆ. ಟಿಬೆಟಿನವರು ಅಲ್ಲಿ ನೆಲೆಯೂರಿದ್ದು 1960ರ ದಶಕದ ಶುರುವಿನಲ್ಲಿ. ಅಷ್ಟು ಹತ್ತಿರದವರು ಸುಳ್ಳು ಹೇಳಲಾರರೆಂದು ಅಪ್ಪನೇ ಮುಂದೆ ನಿಂತು ಆರಿಸಿ ಕೊಡಿಸಿದ್ದರು. ನ್ಯೂಜೆರ್ಸಿಯ ಜನವರಿಯಲ್ಲಿ ಅದು ಬನಿಯನ್ನಿನ ಕೆಲಸ ಮಾಡಿತು.

ಇನ್ನೂ ಮೇಲೆ ಪುತ್ತೂರಿನಲ್ಲಿ ಹೊಲಿಸಿದ ಆರತಕ್ಷತೆಯ ಸೂಟು. ಅದನ್ನು ಹಾಕಿಕೊಂಡು ಫೋಟೊಕ್ಕೆ ನಿಂತವನ ಸೊಂಟ ಈಗ ಫೋಟೊದಲ್ಲಿ ಮಾತ್ರ ಉಂಟು. ಮಗಳ ಮೊದಲ ಲಂಗ-ರವಿಕೆ. ಕನ್ನಡ ಕೂಟದ ಪಿಕ್ನಿಕ್ಕಿನ ಟೀಶರ್ಟುಗಳು. ಅಮೆರಿಕದ ಕನ್ನಡ ಕೂಟಗಳೆಲ್ಲ ಸೇರಿ 1998ರಲ್ಲಿ ಕಟ್ಟಿಕೊಂಡ 'ಅಕ್ಕ' ಎರಡು ವರ್ಷಕ್ಕೊಮ್ಮೆ ವಿಶ್ವ ಕನ್ನಡ ಸಮ್ಮೇಳನ ನಡೆಸುತ್ತಾ ಬಂದಿದೆ. 2010ರಲ್ಲಿ ನ್ಯೂಜೆರ್ಸಿಯ ಸರದಿ. ಊಟದ ಸಾಲು ನೋಡಿಕೊಂಡ ಮಗನ ಸ್ವಯಂಸೇವಕ ಟೀಶರ್ಟಿನಲ್ಲಿ ಬಿಸಿಬೇಳೆ ಬಾತಿನ ಒಂದು ಹನಿ ಇಂದಿಗೂ ಅಚ್ಚಳಿಯದೆ ನಿಂತಿದೆ.

ಇದನ್ನೆಲ್ಲ ಖಾಲಿ ಮಾಡಿಸಬೇಕೆಂದು ಸೊಸೆ ಹೊರಟದ್ದು ಮನೆ ಓರಣ ಮಾಡುವುದನ್ನು ಕಲಿಸುವ ಜಪಾನಿನ ಮರಿ ಕೊಂಡೊಳ ಬಲದಿಂದ. ಕೊಂಡೊಳ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂತು, 2019ರಲ್ಲಿ ಆಕೆಯೇ ನೆಟ್‌ಫ್ಲಿಕ್ಸ್‌ನಲ್ಲಿ ಮನೆಮನೆಗೆ ಬಂದಳು. ಆಕೆಯ ಕ್ರಮದಲ್ಲಿ ಬಟ್ಟೆಯನ್ನೆಲ್ಲ ಒಂದೆಡೆ ರಾಶಿ ಹಾಕಬೇಕು. ಒಂದೊಂದನ್ನೇ ಕೈಗೆತ್ತಿಕೊಂಡು ಮನಸ್ಸು ಅರಳುತ್ತದೆಯೇ ನೋಡಬೇಕು. ಅರಳದಿದ್ದರೆ ಇಷ್ಟು ದಿನ ದುಡಿದದ್ದಕ್ಕೆ ವಂದನೆ ಹೇಳಿ ಕಳಿಸಿಬಿಡಬೇಕು. ಶುರು ಮಾಡುವುದು ಬಟ್ಟೆಯಿಂದ, ನೆನಪಿನ ವಸ್ತುಗಳನ್ನು ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಈ ಮನೆಯಲ್ಲಿ ಬಟ್ಟೆಯೇ ನೆನಪಾದ್ದರಿಂದ ಯಾವುದು ಮೊದಲು, ಯಾವುದು ಕೊನೆ ಎಂಬಲ್ಲೇ ಒಂದು ಶನಿವಾರ ಕಳೆಯಿತು.

"ಅತ್ತೆ, ಈ ಅಂಗಿ ನೋಡಿದ್ರೆ ನಿಮ್ಗೆ ಮನಸ್ಸು ಅರಳ್ತದಾ?"

"ಅರಳುವುದೆಂತದ್ದು? ಕಾಲರು ಮಾತ್ರ ಸವೆದದ್ದು. ಮಗುಚಿ ಹೊಲಿದ್ರೆ ಇನ್ನೆರಡು ವರ್ಷ ಉಂಟು."

"ಹಾಗಾದ್ರೆ ಥ್ಯಾಂಕ್ಸ್ ಹೇಳಿ ಕಳಿಸುವಾ?"

"ಥ್ಯಾಂಕ್ಸ್ ಹೇಳಿ ಹೊರಗೆ ಹಾಕುವುದಾ? ಅದಕ್ಕಿಂತ ಬೈದು ಒಳಗೆ ಇಟ್ಕೊಳ್ಳುವುದು ಒಳ್ಳೇದು ಮಾರಾಯ್ತಿ."

ಮೂರನೇ ಮಗು ಹುಟ್ಟಿದ ಮೇಲೆ ಮನೆ ಓರಣದ ಹಟವನ್ನು ತಾನೂ ಸ್ವಲ್ಪ ಕೈಬಿಟ್ಟಿದ್ದೇನೆ ಎಂದು ಕೊಂಡೊ 2023ರಲ್ಲಿ ಹೇಳಿಕೊಂಡದ್ದು ಸುದ್ದಿಯಾಗಿತ್ತು. ಮಗ ಅದನ್ನು ಅಮ್ಮನಿಗೆ ಓದಿ ಹೇಳಿದ. ಸೊಸೆ ಆ ದಿನ ಅವನಿಗೆ ಕಾಫಿ ಕೊಡಲಿಲ್ಲ.

ಸಂಪಾಜೆಯಲ್ಲಿ ಬಟ್ಟೆ ಬಿಸಾಡುವ ಪದ್ಧತಿ ಇಲ್ಲ. ಇರುವುದು ಹಿಂಬಡ್ತಿ. ಹೊಸ ಅಂಗಿ ಮೊದಲು ಮದುವೆ-ಪೂಜೆಯ ಅಂಗಿ. ಬಣ್ಣ ಮಾಸಿದಾಗ ಸುಳ್ಯ ಪೇಟೆಗೆ ಹೋಗುವ ಅಂಗಿ. ಆಮೇಲೆ ಸೊಸೈಟಿಗೆ, ಹಾಲಿನ ಡಿಪೋಕ್ಕೆ. ಗುಂಡಿ ಉದುರಿದರೆ ಮನೆಯಂಗಿ, ಬೆನ್ನು ಹರಿದರೆ ತೋಟದಂಗಿ. ಬಾಳೆಯ ಕಲೆ, ರಬ್ಬರಿನ ಹಾಲು ಎಲ್ಲ ಅಂಟಿಸಿಕೊಂಡು ಇನ್ನು ಯಾವ ಮರ್ಯಾದೆಯೂ ಉಳಿಯಲಿಲ್ಲ ಎನ್ನುವಾಗ ಅದಕ್ಕೆ ಮದ್ದು ಬಿಡುವ ಅಂಗಿ ಎಂಬ ಹುದ್ದೆ.

ಮದ್ದೆಂದರೆ ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅಡಕೆಯ ಕೊಳೆರೋಗಕ್ಕೆ ಇದೇ ಮದ್ದೆಂದು ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ತೋರಿಸಿಕೊಟ್ಟ ಮೇಲೆ ಮಲೆನಾಡು, ಕರಾವಳಿಯ ತೋಟದವರು ಅದನ್ನು ಬಿಟ್ಟಿಲ್ಲ. ಮಳೆ ಹಿಡಿಯುವ ಮೊದಲೊಮ್ಮೆ, ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಮರದ ತಲೆಗೆ ಬಿಟ್ಟದ್ದರಲ್ಲಿ ಅರ್ಧ ಗೊನೆಗೆ, ಅರ್ಧ ಬಿಟ್ಟವನ ಮೈಗೆ. ಸಂಜೆಯ ಹೊತ್ತಿಗೆ ಅಂಗಿ ತಿಳಿನೀಲಿಯಾಗಿ, ಸುಣ್ಣಕ್ಕೆ ಬಿರುಸಾಗಿ, ಬಿಚ್ಚಿ ಇಟ್ಟರೆ ತನ್ನಷ್ಟಕ್ಕೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಗದ್ದೆಯ ಬೆರ್ಚಪ್ಪನಿಗೆ, ಮತ್ತೆ ಹಟ್ಟಿಯ ಬಾಗಿಲಿಗೆ ಕಾಲೊರಸಾಗಿ, ಕಡೆಗೆ ಬಚ್ಚಲ ಒಲೆಗೆ.

ಸೀರೆಯದ್ದು ಬೇರೆ ಇಲಾಖೆ. ಧಾರೆ ಸೀರೆ ಡಾಂಬರು ಗುಳಿಗೆಯ ಜೊತೆ ಟ್ರಂಕಿನಲ್ಲಿ ಕಾಯಂ. 2022ರ ಜೂನ್ ಕೊನೆಗೆ ಸಂಪಾಜೆ, ಚೆಂಬು ಕಡೆ ಭೂಮಿ ನಡುಗಿ ಜನ ಅಂಗಳಕ್ಕೆ ಓಡಿದಾಗ ಅಪ್ಪ ಟಾರ್ಚು ಹಿಡಿದು ಓಡಿದರು, ಅಮ್ಮ ಟ್ರಂಕು ನೋಡಿ ಬಂದು ಆಮೇಲೆ ಓಡಿದರು. ಉಟ್ಟು ಮೆತ್ತಗಾದ ನೂಲಿನ ಸೀರೆಗೆ ಮಾತ್ರ ಕೈತುಂಬ ಕೆಲಸ. ಮಗುವಿನ ತೊಟ್ಟಿಲಿಗೆ, ಬಾಣಂತಿಗೆ, ಹಲಸಿನ ಹಪ್ಪಳ ಒಣಗಿಸಲಿಕ್ಕೆ, ಕರಿಮೆಣಸು ಹರವಲಿಕ್ಕೆ.

ಹೊರನಾಡಿನ ಕಪಾಟು ಯಾಕೆ ಉಬ್ಬುತ್ತದೆಂದು ಅಮ್ಮನಿಗೆ ಹೊಳೆದದ್ದು ಈ ಲೆಕ್ಕದಲ್ಲೇ. ಮಗನ ಅಂಗಿ ಮದುವೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಇಳಿಯುತ್ತದೆ. ಅಲ್ಲಿಗೆ ದಾರಿ ಮುಗಿಯಿತು. ತೋಟವಿಲ್ಲ, ಹಟ್ಟಿಯಿಲ್ಲ, ಬಚ್ಚಲಿಗೆ ಒಲೆಯಿಲ್ಲ. ಕಾಲೊರಸು ಕೂಡ ಅಂಗಡಿಯಿಂದ ಬರುತ್ತದೆ. ಮಾಡಲು ಕೆಲಸವಿಲ್ಲದ ಬಟ್ಟೆ ಕೂತಲ್ಲೇ ಕೂತು ನೆನಪಾಗುತ್ತದೆ.

ನೆನಪಿಗೂ ಅಲ್ಲಿ ಭದ್ರತೆ ಇಲ್ಲ. ಅಮ್ಮನ ಹಳೆಯ ಸೀರೆಯೊಂದನ್ನು ಮಗ ಕಪಾಟಿನ ಮೂಲೆಯಲ್ಲಿ ಬಚ್ಚಿಟ್ಟಿದ್ದ. ಸಂಪಾಜೆಯ ಮಳೆಗಾಲದಲ್ಲಿ ಬಟ್ಟೆ ಒಣಗುವುದು ಒಲೆಯ ಮೇಲಿನ ಬಿದಿರಿನ ಗಳದಲ್ಲಿ. ಆ ಹೊಗೆಯ ವಾಸನೆ ನೂಲಿಗೆ ಇಳಿದಿತ್ತು. ಊರಿನ ಆಸೆಯಾದಾಗ ಆತ ಅದನ್ನು ಮೂಸುತ್ತಿದ್ದ ವಿಷಯ ಹೆಂಡತಿಗೆ ಗೊತ್ತಿರಲಿಲ್ಲ. ಕೊಳೆ ಬಟ್ಟೆಯೆಂದು ಮೆಷಿನ್ನಿಗೆ ಹಾಕಿದಳು. ಹೊರಬಂದ ಸೀರೆಗೆ ಲ್ಯಾವೆಂಡರ್ ಪರಿಮಳ. ಮಗ ಎರಡು ದಿನ ಮಾತಾಡಲಿಲ್ಲ. ಅಮ್ಮ ಮಾತ್ರ ಮೂಸಿ ನೋಡಿ ಸಂತೋಷಪಟ್ಟರು.

ಉಳಿದ ದಾರಿ ದಾನದ ಪೆಟ್ಟಿಗೆ. ಬಾಸ್ಟನ್ನಿನ ಪಾದ್ರಿ ಎಡ್ಗರ್ ಹೆಲ್ಮ್ಸ್ 1902ರಲ್ಲಿ ಶುರು ಮಾಡಿದ ಗುಡ್‌ವಿಲ್ ಈಗ ದೇಶದ ತುಂಬ ಅಂಗಡಿ ಇಟ್ಟಿದೆ. ಬಟ್ಟೆ ಕೊಟ್ಟರೆ ರಸೀದಿ, ರಸೀದಿ ತೋರಿಸಿದರೆ ತೆರಿಗೆಯಲ್ಲಿ ವಿನಾಯಿತಿ. ಬಿಲ್ ಕ್ಲಿಂಟನ್ ಅರ್ಕಾನ್ಸಾದ ಗವರ್ನರ್ ಆಗಿದ್ದಾಗ ದಾನ ಕೊಟ್ಟ ಹಳೆ ಒಳಚಡ್ಡಿಗೆ ತಲಾ ಎರಡು ಡಾಲರ್ ಎಂದು ತೆರಿಗೆ ಲೆಕ್ಕದಲ್ಲಿ ಬರೆದುಕೊಂಡಿದ್ದರು. 2006ರಲ್ಲಿ ಬಂದ ಕಾನೂನಿನ ಪ್ರಕಾರ ಬಟ್ಟೆ ಒಳ್ಳೆಯ ಸ್ಥಿತಿಯಲ್ಲಿದ್ದರೆ ಮಾತ್ರ ವಿನಾಯಿತಿ. "ಒಳ್ಳೆ ಸ್ಥಿತಿಯಲ್ಲಿದ್ರೆ ಕೊಡುವುದು ಯಾಕೆ?" ಎಂದರು ಅಮ್ಮ.

ಅಂಗಡಿಯಲ್ಲಿ ಮಾರಾಟವಾಗದ ಬಟ್ಟೆ ಮೂಟೆ ಕಟ್ಟಿಸಿಕೊಂಡು ಹಡಗು ಹತ್ತುತ್ತದೆ. ಒಂದಷ್ಟು ಗುಜರಾತಿನ ಕಾಂಡ್ಲಾಕ್ಕೂ ಬರುತ್ತದೆ. ಯಾರೂ ತೊಡದಂತೆ ಕತ್ತರಿಸಿದ ಉಣ್ಣೆ ಬಟ್ಟೆ ಅಲ್ಲಿಂದ ಹರಿಯಾಣದ ಪಾಣಿಪತ್ತಿಗೆ. ಪಾಣಿಪತ್ತಿನ ಗಿರಣಿಗಳು ಅದನ್ನು ಬಣ್ಣ ಬಣ್ಣವಾಗಿ ಬೇರ್ಪಡಿಸಿ, ಹಿಂಜಿ, ಮತ್ತೆ ನೂತು ಅಗ್ಗದ ಕಂಬಳಿ ನೇಯುತ್ತವೆ. ನೆರೆ, ಭೂಕಂಪ ಆದಲ್ಲಿ ಪರಿಹಾರಕ್ಕೆ ಇಂಥ ಕಂಬಳಿಯನ್ನು ಹಂಚುವುದುಂಟು. ಕಂಬಳಿಯಾಗದೆ ಹಳೆ ಬಟ್ಟೆಯಾಗಿಯೇ ಬಂದರೆ ಏನಾಗುತ್ತದೆಂದು 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿ ಕಂಡಿದೆ. ಕಷ್ಟದಲ್ಲಿದ್ದವರೂ ಮುಟ್ಟದ ಬಟ್ಟೆ ರಾಶಿ ಬಿದ್ದು, ಅನ್ಶು ಗುಪ್ತಾ 1999ರಲ್ಲಿ ಕಟ್ಟಿದ ಗೂಂಜ್ ಸಂಸ್ಥೆಯವರು ಅದನ್ನು ವಿಂಗಡಿಸಿ ಉಪಯೋಗಕ್ಕೆ ತರಬೇಕಾಯಿತು.

ಮಗ ಇಷ್ಟನ್ನೂ ವಿವರಿಸಿದ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಜರಿದು ಘಾಟಿ ರಸ್ತೆ ಕಡಿದದ್ದು, ಕಲ್ಲುಗುಂಡಿ, ಅರಂತೋಡಿನಲ್ಲಿ ಪರಿಹಾರ ಶಿಬಿರ ನಡೆದದ್ದು ಅಮ್ಮನಿಗೆ ನೆನಪಿತ್ತು.

"ನಿನ್ನ ಸ್ವೆಟರು ಕಂಬಳಿಯಾಗಿ ಕಲ್ಲುಗುಂಡಿಗೆ ಬರುವುದಾದ್ರೆ ಪಾಣಿಪತ್ತಿಗೆ ಯಾಕೆ ಸುತ್ತು ಹಾಕುವುದು? ನಾನೇ ಕೊಂಡೋಗ್ತೇನೆ."

ಬರುವಾಗ 23 ಕಿಲೋದ ಎರಡು ಪೆಟ್ಟಿಗೆಯಲ್ಲಿ ಹಪ್ಪಳ, ಮಿಡಿ ಉಪ್ಪಿನಕಾಯಿ, ಕುಚ್ಚಲಕ್ಕಿ ತಂದಿದ್ದ ಅಮ್ಮ ಹೋಗುವಾಗ ಬಾದಾಮಿ, ಚಾಕಲೇಟು ಹೊರಗಿಟ್ಟು ಅಂಗಿ ತುಂಬಿದರು. ಸೊಸೆ ತೂಕದ ಯಂತ್ರ ಹಿಡಿದು ಪಕ್ಕದಲ್ಲೇ ನಿಂತು, ಕಿಲೋ ಕಮ್ಮಿ ಬಿದ್ದಾಗಲೆಲ್ಲ ಗಂಡನ ಪ್ಯಾಂಟೊಂದನ್ನು ಸೇರಿಸಿದಳು. ಲಂಗ-ರವಿಕೆ ಉಳಿಯಿತು. ಸ್ವೆಟರನ್ನು ಮಗ ಆ ಹೊತ್ತಿಗೆ ಕಾರಿನ ಡಿಕ್ಕಿಯಲ್ಲಿ ಅಡಗಿಸಿಟ್ಟಿದ್ದ.

ಮಳೆಗೆ ಮುಂಚೆ ಅಪ್ಪ ತೋಟದಿಂದ ವಿಡಿಯೊ ಕಾಲ್ ಮಾಡಿದರು. ಮದ್ದು ಬಿಡುವವನ ಬೆನ್ನ ಮೇಲೆ 2010ರ ವಿಶ್ವ ಕನ್ನಡ ಸಮ್ಮೇಳನ ನೀಲಿಯಾಗುತ್ತಿತ್ತು. ಆತ ಫೋನಿನ ಮುಂದೆ ಬಂದು ನೇರ ವಿಷಯಕ್ಕೇ ಇಳಿದ.

"ಅಣ್ಣಾ, ಗಿಡ್ಡ ಕೈಯದ್ದು ಕಳಿಸ್ಬೇಡಿ, ಮದ್ದು ಬಿದ್ದು ಕೈಯೆಲ್ಲ ಉರೀತದೆ. ಉದ್ದ ಕೈಯದ್ದು, ಕಾಲರ್ ಇರುವಂಥದ್ದು ಇದ್ರೆ ನೋಡಿ. ಮತ್ತೆ ಆ ಪ್ಯಾಂಟ್ ಎಂತಕ್ಕೂ ಆಗ್ಲಿಲ್ಲ. ನಿಮ್ಮ ಒಂದರಲ್ಲಿ ನಾವು ಇಬ್ರು ಹಿಡೀತೇವೆ."

ಫೋನಿಟ್ಟ ಮೇಲೆ ಸೊಸೆ, ಗಂಡ ಆಫೀಸಿಗೆಂದು ತೊಟ್ಟು ನಿಂತಿದ್ದ ಉದ್ದ ತೋಳಿನ ಅಂಗಿಯ ಕಾಲರನ್ನು ಹಿಂದಿನಿಂದ ಬಂದು ಮಗುಚಿ ನೋಡಿದಳು.