ಸ್ಟೇಟಸ್ ಸಾಹಿತಿ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ಅಂದರೆ ರಾಜಾಜಿನಗರದಿಂದ ಕೆಂಗೇರಿಯವರೆಗಿನ ಬಡಾವಣೆಗಳಲ್ಲಿ, ಬೀದಿಗೊಬ್ಬರಂತೆ ಕಾಣಸಿಗುವ ಸ್ಟೇಟಸ್ ಸಾಹಿತಿಯನ್ನು ಸಾಹಿತ್ಯ ಚರಿತ್ರೆಕಾರರು ಇನ್ನೂ ಗಮನಿಸಿದಂತಿಲ್ಲ. ವಾಟ್ಸಾಪಿನಲ್ಲಿ ಇಪ್ಪತ್ತನಾಲ್ಕು ಗಂಟೆ ಬದುಕಿದ್ದು ತಾನಾಗಿ ಅಳಿಯುವ ಬರಹಕ್ಕೆ ಸ್ಟೇಟಸ್ ಎಂದು ಹೆಸರು. ಬೆಳಗಿನ ಕಾಫಿ ಆರುವುದರೊಳಗೆ ಅದನ್ನು ಹಾಕಿ, ಯಾರು ಯಾರು ನೋಡಿದರೆಂದು ಮಧ್ಯಾಹ್ನದ ಊಟದವರೆಗೂ ಎಣಿಸುವ, ಸಾಮಾನ್ಯವಾಗಿ ನಿವೃತ್ತರಾದ ಗೃಹಸ್ಥರೇ ಈ ಸಾಹಿತಿ.

ಚಿಕ್ಕದಾಗಿ ಬರೆಯುವುದಕ್ಕೆ ಇವರು ಕೊಡುವ ಸಮರ್ಥನೆ ಗಟ್ಟಿಯಾದದ್ದೇ. ತಮ್ಮ ಬಸವೇಶ್ವರನಗರಕ್ಕೆ ಹೆಸರಾದ ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲೇ ಅಂಗೈಯಗಲದ ವಚನಗಳಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಿದರೆಂದೂ, ಸರ್ವಜ್ಞನಿಗೆ ತ್ರಿಪದಿ, ಎಂದರೆ ಮೂರು ಸಾಲಿನ ಪದ್ಯ, ಸಾಕಾಯಿತೆಂದೂ, ಡಿ.ವಿ.ಜಿ.ಯವರ ಕಗ್ಗಕ್ಕೆ ನಾಲ್ಕೇ ಸಾಲೆಂದೂ ಅವರು ವಾದಿಸುತ್ತಾರೆ. 1943ರಲ್ಲಿ ಪ್ರಕಟವಾದ ಆ ಕಗ್ಗದಲ್ಲಿ ಅಂಥ ಪದ್ಯಗಳು 945 ಇವೆಯೆಂದೂ, ಅದೇ ಲೇಖನಿ ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳನ್ನೂ ಬರೆಯಿತೆಂದೂ ಯಾರಾದರೂ ನೆನಪಿಸಿದರೆ ಮಾತು ಮಾಗಡಿ ರಸ್ತೆಯ ಟ್ರಾಫಿಕ್ಕಿನ ಕಡೆಗೆ ತಿರುಗುತ್ತದೆ.

ಟ್ವಿಟರಿನಲ್ಲೂ ಇವರು ಕೆಲಕಾಲ ಇದ್ದರು. ಅದು 2017ರಲ್ಲಿ 140 ಅಕ್ಷರಗಳ ಮಿತಿಯನ್ನು 280ಕ್ಕೆ ಏರಿಸಿದಾಗ ಸಂತೋಷಪಟ್ಟವರಿಗೆ, ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ಕಂಪ್ಯೂಟರು ಮೂರು ವ್ಯಂಜನ, ಅವನ್ನು ಬೆಸೆಯುವ ಎರಡು ಹಲಂತ ಚಿಹ್ನೆ, ಒಂದು ಈಕಾರ ಎಂದು ಬಿಡಿಸಿ ಆರೆಂದು ಲೆಕ್ಕ ಹಿಡಿಯುವುದು ಆಮೇಲೆ ತಿಳಿಯಿತು. ಮಿತವ್ಯಯಕ್ಕಾಗಿ ಅದನ್ನು ‘ಹೆಣ್ಣು’ ಎಂದು ತಿದ್ದಿ ನೋಡಿದರೆ, ಅದಕ್ಕೂ ಆರೇ ಆಯಿತು.

ಕಷ್ಟವಿರುವುದು ಮೇಜಿನ ಖಾನೆಯಲ್ಲಿ. ಅಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದ್ದು, ಅದರಲ್ಲಿ ವೃಷಭಾವತಿಯನ್ನು ಕುರಿತ ದೀರ್ಘ ಪ್ರಬಂಧವೊಂದು ವರ್ಷಗಳಿಂದ ನಡೆಯುತ್ತಿದೆ. ಮೈಸೂರು ರಸ್ತೆಯ ಪಕ್ಕದಲ್ಲಿ ಹರಿದು, ಕೆಂಗೇರಿಯನ್ನು ದಾಟಿ, ಮುಂದೆ ಅರ್ಕಾವತಿಯನ್ನು ಸೇರುವ ಈ ನದಿ ಮೋರಿಯಾದ ಕಥೆಗೆ ಇನ್ನೂರು ಪುಟ ಹೆಚ್ಚೇನಲ್ಲ, ಮತ್ತು ಇವರಿಗೆ ಅದನ್ನು ಬರೆಯುವ ಶಕ್ತಿ ಇಲ್ಲವೆನ್ನುವುದು ಅನ್ಯಾಯ. ಆದರೆ ‘ಸೇತುವೆಯ ಮೇಲೆ ಮೂಗು ಮುಚ್ಚಿಕೊಳ್ಳುವುದೇ ನಾವು ನದಿಗೆ ಸಲ್ಲಿಸುವ ನಮಸ್ಕಾರ’ ಎಂಬಂಥ ವಾಕ್ಯವೊಂದು ಮೂಡಿದ ಕೂಡಲೇ ಅದು ಪ್ರಬಂಧದಲ್ಲಿ ಉಳಿಯುವುದಿಲ್ಲ. ಆ ಬೆಳಿಗ್ಗೆಯೇ ಸ್ಟೇಟಸ್ಸಿಗೆ ಹೋಗುತ್ತದೆ, ಮತ್ತು ನೋಟ್‌ಬುಕ್ಕಿನಲ್ಲಿ ಅದಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಅಂಚಿನಲ್ಲಿ ‘ಖರ್ಚು’ ಎಂದು ಬರೆಯಲಾಗುತ್ತದೆ. ಹೀಗೆ ಹಣ್ಣಾದದ್ದೆಲ್ಲ ಕಿತ್ತು ಹೋಗಿ, ಇದುವರೆಗೆ ಬರೆದ ಹನ್ನೊಂದು ಪುಟಗಳಲ್ಲಿ ಈಗ ಗೆರೆ ಬೀಳದೆ ಉಳಿದಿರುವುದು ‘ಹೀಗಿರುವಾಗ’, ‘ಮೇಲೆ ಹೇಳಿದಂತೆ’, ‘ಆದಾಗ್ಯೂ’ ಎಂಬ ತೊಟ್ಟುಗಳು ಮಾತ್ರ.

ಮೊನ್ನೆ ಕೆಂಗೇರಿಯ ಓದುಗರೊಬ್ಬರು, ಹೆಬ್ಬೆರಳೆತ್ತುವ ಚಿತ್ರದ ಬದಲು, ‘ಸರ್, ನದಿಯ ಬಗ್ಗೆ ಪೂರ್ತಿ ಬರೀರಿ, ನಿಧಾನವಾಗಿ ಓದ್ತೀನಿ’ ಎಂದು ಉತ್ತರಿಸಿದರು. ಸಾಹಿತಿಗಳ ಕಣ್ಣು ತುಂಬಿತು. ಕನ್ನಡಕ ಒರೆಸಿಕೊಂಡು, ಆ ಮಾತಿನ ಸ್ಕ್ರೀನ್‌ಶಾಟ್ ತೆಗೆದು, ಸ್ಟೇಟಸ್ಸಿಗೆ ಹಾಕಿದರು.